ಸೇಫ್ಟಿ ವಾಲ್ವಿಗೆ ಕಟ್ಟಿದ ಹನ್ನೊಂದು ಕಾಯಿಗಳು

ನಾನು ಕೆಲಸಕ್ಕೆ ಸೇರಿದ ದಿನ ಆ ಕಬ್ಬಿಣದ ತೋಳಿಗೆ ನಾಲ್ಕು ತೆಂಗಿನಕಾಯಿ ಜೋತುಬಿದ್ದಿದ್ದವು. ಹನ್ನೊಂದನೆಯದನ್ನು ಕಟ್ಟಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಕಥೆಯಲ್ಲಿ ನಾನು ಬಹಳ ಜಾಣನಂತೆ ಕಾಣಿಸಿಬಿಡುತ್ತೇನೆ.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ, ಕಾಗದದ ಗಿರಣಿಯ ಹೊಗೆ ಕಾಣುವಷ್ಟು ದೂರದಲ್ಲಿ, ಒಬ್ಬ ಸಾವುಕಾರರ ಸಣ್ಣ ಪ್ಲೈವುಡ್ ಕಾರ್ಖಾನೆ ಇತ್ತು. ಕಾಡಿನಿಂದ ಬಂದ ದಿಮ್ಮಿಗಳನ್ನು ಹಬೆಯ ತೊಟ್ಟಿಗಳಲ್ಲಿ ಮೆತ್ತಗಾಗಿಸಿ, ಹಾಳೆ ಹಾಳೆಯಾಗಿ ಸುಲಿದು, ಚಹಾ ಪೆಟ್ಟಿಗೆಗಳಿಗೆ ಹಲಗೆ ಮಾಡುತ್ತಿದ್ದರು. ಆ ಹಬೆಗಾಗಿ ಒಂದು ಬಾಯ್ಲರು. ಹುಬ್ಬಳ್ಳಿ ಕಡೆಯ ಯಾವುದೋ ಹತ್ತಿ ಜಿನ್ನಿಂಗಿನಲ್ಲಿ ಪ್ರಾಯ ಕಳೆದುಕೊಂಡು ಬಂದ ಮುದಿ ಬಾಯ್ಲರು ಅದು. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಧಾರವಾಡದ ಹತ್ತಿರದ ನಮ್ಮೂರಿನಿಂದ ನಾನು ಬಾಯ್ಲರು ನಡೆಸುವ ಪರೀಕ್ಷೆ ಪಾಸು ಮಾಡಿ, ಸರ್ಟಿಫಿಕೇಟನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು, ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದೆ. ಕಾರ್ಖಾನೆಯ ಬೆನ್ನಿಗೇ ಕೆಲಸಗಾರರ ಮನೆಗಳ ಸಾಲು. ಅದರಲ್ಲಿ ಒಂದು ನಮ್ಮದು.

ಬಾಯ್ಲರಿನ ನೆತ್ತಿಯ ಮೇಲೆ ಸೇಫ್ಟಿ ವಾಲ್ವು ಇರುತ್ತದೆ. ಒಳಗೆ ಹಬೆ ಮಿತಿ ಮೀರಿದರೆ ತಾನಾಗಿಯೇ ತೆರೆದು ಹೊರಗೆ ಬಿಡುವ ಬಾಗಿಲು ಅದು. ಹಳೆಯ ಕಾಲದ ವಾಲ್ವಿನಲ್ಲಿ ಆ ಬಾಗಿಲನ್ನು ಒಂದು ಉದ್ದನೆಯ ತೋಳು ಅದುಮಿ ಹಿಡಿದಿರುತ್ತದೆ. ತೋಳಿನ ಮೇಲೆ ಒಂದು ಕಬ್ಬಿಣದ ಗುಂಡು. ಗುಂಡನ್ನು ತುದಿಗೆ ಸರಿಸಿದಷ್ಟೂ ಬಾಗಿಲು ಬಿಗಿ, ಒಳಕ್ಕೆ ಸರಿಸಿದಷ್ಟೂ ಸಡಿಲ. ತೂಕದ ಕೋಲು ನೋಡಿದವರಿಗೆ ಇದು ಹೊಸದೇನಲ್ಲ. ಆ ಗುಂಡು ಎಲ್ಲಿರಬೇಕೆಂದು ಲೆಕ್ಕ ಹಾಕಿ, ಅಲ್ಲಿಂದ ಅದು ಅಲುಗದ ಹಾಗೆ ನೋಡಿಕೊಳ್ಳುವುದೇ ನನ್ನಂಥವನ ಕೆಲಸ.

ಆದರೆ ಆ ತೋಳು ಗೋಡೆಯ ಕಡೆಗೆ ಚಾಚಿಕೊಂಡು, ಏಣಿ ಹತ್ತಿದವರ ಕೈಗೆ ಸಿಗುವಂತೆ ಇತ್ತು. ಬಾಯ್ಲರಿನ ಜೊತೆಯಲ್ಲೇ ಹುಬ್ಬಳ್ಳಿಯಿಂದ ಬಂದಿದ್ದ ಹಿರಿಯ ಬೆಂಕಿಯಾಳು, ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದ ಮುದುಕ, ಮೊದಲ ವರ್ಷ ಬಾಯ್ಲರು ಸರಿಯಾಗಿ ಹಬೆ ಹಿಡಿಯದಿದ್ದಾಗ ಆ ತೋಳಿಗೊಂದು ಹರಕೆಯ ಕಾಯಿ ಕಟ್ಟಿದ್ದನಂತೆ. ಬಾಯ್ಲರು ಹಬೆ ಹಿಡಿಯಿತು. ಅಲ್ಲಿಂದ ಅದು ಬಾಯ್ಲರಲ್ಲ, ಅವ್ವ. ಯಾರ ಮನೆಯಲ್ಲಿ ಏನು ತೊಡಕಿದ್ದರೂ ಬಟ್ಟೆಯಲ್ಲಿ ಸುತ್ತಿದ ಒಂದು ಕಾಯಿ ತಂದು ಅವ್ವನ ತೋಳಿಗೆ ಕಟ್ಟುವುದು. ಹಬೆ ಹೊರಬಿದ್ದು ತೋಳು ಅಲುಗಿ ಕಾಯಿಗಳು ತೂಗಿದರೆ ಅವ್ವ ಒಪ್ಪಿ ತಲೆಯಾಡಿಸಿದಳು ಎಂದು ಅರ್ಥ. ಬೇಡಿಕೊಂಡದ್ದು ಆದರೆ ಕಾಯಿ ಬಿಚ್ಚಿ ಬೆಂಕಿಯ ಬಾಯಿಯ ಮುಂದೆ ಒಡೆದು ಹಂಚುವುದು. ಆಗದಿದ್ದರೆ ಕಾಯಿ ಅಲ್ಲೇ ಇರುತ್ತದೆ. ಆಗುವ ಮೊದಲು ಬಿಚ್ಚಿದರೆ ಕೇಡು. ಹೀಗಾಗಿ ಆದ ಹರಕೆಗಳು ಹೊಟ್ಟೆಗೆ ಹೋಗುತ್ತಿದ್ದವು, ಆಗದ ಹರಕೆಗಳು ತೋಳಿನ ಮೇಲೆ ಕೂಡುತ್ತಿದ್ದವು.

ಮೊದಲ ದಿನವೇ ನಾನು ಕೂಗಾಡಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಹೆಚ್ಚೇನೂ ಹಿಂದೆ ಸರಿದಿಲ್ಲ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಸಾಹೇಬ್ರ, ನಾಕು ಕಾಯಿಗೆ ಅವ್ವನ ಕೈ ಸೋತೀತೇನ್ರೀ? ಭಾರ ಆತಂದ್ರ ಗುಂಡು ಒಂದೀಟು ಒಳಗ ಸರಸ್ತೇನಿ. ಅಕಿ ಉಸುರು ನನಗ ಗೊತ್ತೈತಿ.”

ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದೆ. ಒಂದು ಒಣಕಾಯಿಗೆ ಆಗುವ ವ್ಯತ್ಯಾಸ ಲೆಕ್ಕಕ್ಕೇ ಬರುವಂತಿರಲಿಲ್ಲ. ಹೊಸಬ ನಾನು, ಎಲ್ಲರ ಹರಕೆಗೂ ಕೈ ಹಾಕಿ ಊರವರ ಶಾಪ ಕಟ್ಟಿಕೊಳ್ಳುವುದು ಯಾಕೆ ಎಂದು ಸುಮ್ಮನಾದೆ. ಐದನೆಯದು ಬಂದಾಗ ಆ ಐದನೆಯದರ ಲೆಕ್ಕ ಮಾತ್ರ ಹಾಕಿದೆ. ಆರನೆಯದು ಬಂದಾಗ ಆರನೆಯದರದು. ಪ್ರತಿ ಸಲವೂ ಉತ್ತರ ಒಂದೇ, ಏನೂ ಆಗುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂದು ಮೂರನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ್ದ ಮನುಷ್ಯ ನಾನು.

ಆ ವರ್ಷ ನನ್ನ ಹೆಂಡತಿಗೆ ಆರು ತಿಂಗಳು. ಅದಕ್ಕೆ ಮೊದಲು ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಒಂದು ಐದನೆಯ ತಿಂಗಳಲ್ಲಿ, ಇನ್ನೊಂದು ಏಳರಲ್ಲಿ. ಅವಳು ಮುಂಡಗೋಡ ಕಡೆಯ ಮಳಗಿಯವಳು, ಗಟ್ಟಿ ಹೆಣ್ಣು. ಅತ್ತರೆ ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಖಂಡೇ ಪೂಜೆಯ ದಿನ ಕಾರ್ಖಾನೆಯಲ್ಲಿ ಗರಗಸ, ಕೊಡಲಿ, ಬಾಯ್ಲರು ಎಲ್ಲಕ್ಕೂ ವಿಭೂತಿ ಹಚ್ಚಿ ಹೂ ಏರಿಸುವ ಹೊತ್ತಿಗೆ ಅವಳು ಹಸಿರು ಖಣದಲ್ಲಿ ಸುತ್ತಿದ ಕಾಯಿಯೊಂದನ್ನು ನನ್ನ ಕೈಯಲ್ಲಿಟ್ಟಳು.

“ಇದನ್ನ ಅವ್ವನ ತೋಳಿಗೆ ಕಟ್ರಿ.”

“ಅದು ದೇವರಲ್ಲ, ಬಾಯ್ಲರು.”

“ಉಳಿದವರ ಹೆಂಡರ ಹರಕಿ ಹರಕಿ, ನಂದು ಹರಕಿ ಅಲ್ಲೇನು? ಕಟ್ರಿ ಅಂದ್ರ ಕಟ್ರಿ.”

ಕಟ್ಟಿದೆ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಏಣಿ ಹತ್ತಿ, ನನ್ನ ಕೈಯಾರೆ, ಎರಡು ಗಂಟು ಹಾಕಿ ಕಟ್ಟಿದೆ. ಅದೇ ದಿನ ಇನ್ನಿಬ್ಬರು ತಮ್ಮ ಕಾಯಿ ಕಟ್ಟಿದ್ದರು. ನಮ್ಮದು ಸೇರಿ ಹನ್ನೊಂದು. ಕೆಳಗಿಳಿಯುವಾಗ ಮನಸ್ಸಿಗೆ ಹಗುರೆನಿಸಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಆ ಕೂಸು ನನಗೂ ಬೇಕಾಗಿತ್ತು.

ದಸರೆ ಮುಗಿದು, ಬನ್ನಿ ಹಂಚಿಕೊಂಡು, ಕೆಲಸ ಮತ್ತೆ ಶುರುವಾಯಿತು. ಮೊದಲ ದಿನದ ಮಧ್ಯಾಹ್ನ. ಊಟದ ಹೊತ್ತಿಗೆ ತೊಟ್ಟಿಗಳ ಹಬೆ ಮುಚ್ಚುತ್ತಿದ್ದೆವು. ಒಳಗೆ ಹಬೆ ಸ್ವಲ್ಪ ಏರಿ, ವಾಲ್ವು ಒಮ್ಮೆ ಕೆಮ್ಮಿ ಬುಸ್ ಎನ್ನುತ್ತಿತ್ತು. ಸಾಲುಮನೆಗಳ ಹೆಂಗಸರೂ ಅದನ್ನು ಕೇಳಿ ತಮ್ಮ ಊಟಕ್ಕೆ ಕೂಡುತ್ತಿದ್ದರು. ಆ ದಿನ ತೊಟ್ಟಿ ಮುಚ್ಚಿ ಬಹಳ ಹೊತ್ತಾದರೂ ವಾಲ್ವು ಸುಮ್ಮನಿತ್ತು. ದಿಮ್ಮಿ ಕೊಯ್ಯುವ ಹುಡುಗ ಬುತ್ತಿ ಬಿಚ್ಚುತ್ತ ನಗೆಯಾಡಿದ, “ಇವತ್ತ ಅವ್ವಗ ಉಪವಾಸೇನು, ಮಾತ ಆಡವಲ್ಲಳು!” ಎಲ್ಲರೂ ನಕ್ಕರು. ನಾನು ಎದ್ದೆ.

ಒತ್ತಡ ತೋರಿಸುವ ಗೇಜು ನೋಡಿದೆ. ಮುಳ್ಳು, ದಾಟಬಾರದ ಕೆಂಪುಗೆರೆಗೆ ಒಂದು ಬೆರಳು ಕೆಳಗೆ ನಿಂತಿತ್ತು. ಗಾಜಿಗೆ ಬೆರಳಿನಿಂದ ಬಡಿದೆ. ನಡುಗಿ ಅಲ್ಲೇ ನಿಂತಿತು. ಹಬ್ಬಕ್ಕೆ ಮೊದಲು ಮುಳ್ಳು ಇಲ್ಲಿಗೆ ಬಂದರೆ ವಾಲ್ವು ಕೆಮ್ಮುತ್ತಿತ್ತು. ಈಗ ಕೆಮ್ಮುತ್ತಿಲ್ಲ. ಕಾಯಿಗಳ ಭಾರ ಅದುಮಿರಬಹುದು. ಇಲ್ಲವೇ ವಾಲ್ವೇ ಅಂಟಿಕೊಂಡಿರಬಹುದು. ಗೇಜೂ ಬಾಯ್ಲರಿನಷ್ಟೇ ಮುದಿ. ಅದು ಹೇಳುವುದೇ ಸುಳ್ಳಾಗಿದ್ದರೆ ಒಳಗಿನ ಒತ್ತಡ ಎಷ್ಟಾದರೂ ಇರಬಹುದು. ಗುಂಡನ್ನು ಕಾಕಾ ಯಾವ ಯಾವ ಸಲ ಎಷ್ಟು ಸರಿಸಿದ್ದಾನೆ ಎಂಬುದು ಅವನಿಗೇ ನೆನಪಿರಲಿಲ್ಲ. ಇದ್ದದ್ದು ಎರಡು ಸಾಕ್ಷಿ, ವಾಲ್ವು ಮತ್ತು ಗೇಜು, ಎರಡರ ಮೇಲೂ ನಂಬಿಕೆಯಿಲ್ಲ.

ಏಣಿ ಹತ್ತಿ ಆಗಲೇ ಕಾಯಿ ಕೀಳಬಹುದಿತ್ತು. ಆದರೆ ಭಾರ ಒಮ್ಮೆಲೇ ಇಳಿದು ವಾಲ್ವು ಹಾರಿದರೆ ಏಣಿಯ ಮೇಲಿದ್ದವನ ಮುಖದ ಚರ್ಮ ಉಳಿಯುವುದಿಲ್ಲ. ಹಾಗೇ ನಡೆಸಿ ಸಂಜೆಯವರೆಗೆ ನೋಡಬಹುದಿತ್ತು. ನೋಡುವುದೆಂದರೆ ಏನು? ಒಡೆಯುತ್ತದೋ ಇಲ್ಲವೋ ಎಂದು ನೋಡುವುದು. ಬಾಯ್ಲರಿನ ಮಗ್ಗುಲಲ್ಲಿ ಎಂಟು ಮಂದಿ ಕುಳಿತು ರೊಟ್ಟಿ ತಿನ್ನುತ್ತಿದ್ದರು.

ಒಳಗೆ ಎಷ್ಟಿದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಗಟ್ಟಿಯಾಗಿ ಗೊತ್ತಿತ್ತು. ನಿರ್ಧಾರಕ್ಕೆ ಅಷ್ಟು ಸಾಕು ಎನಿಸಿತು.

“ಬುತ್ತಿ ಕಟ್ರಿ, ಎಲ್ಲಾರೂ ಹೊರಗ ನಡೀರಿ. ರಸ್ತೆ ದಾಟಿ ನಿಲ್ರಿ,” ಎಂದೆ. ತೊಟ್ಟಿಗಳ ಹಬೆಯನ್ನು ಮತ್ತೆ ತೆರೆಸಿದೆ, ಹಬೆಗೊಂದು ದಾರಿಯಾಗಲಿ ಎಂದು. ಉದ್ದನೆಯ ಕೊಂಕಿಯ ಸಲಾಕೆ ತೆಗೆದುಕೊಂಡು ಒಲೆಯಿಂದ ಬೆಂಕಿ ಎಳೆಯಲು ನಿಂತೆ. ಕಾಕಾ ದಾರಿಗೆ ಅಡ್ಡ ಬಂದ.

“ಇಪ್ಪತ್ತು ವರ್ಷ ಆತು, ಏನೂ ಆಗಿಲ್ಲ. ನೀವು ನಿನ್ನೆ ಬಂದವರು ನನ್ನ ಬೆಂಕಿ ಆರಸ್ತೀರಿ?”

“ಇಪ್ಪತ್ತು ವರ್ಷ ಏನೂ ಆಗಿಲ್ಲ ಅಂದ್ರ ಅದು ನಮ್ಮ ದೈವ, ಕಾಕಾ. ಬಾಯ್ಲರಿನ ಗುಣ ಅಲ್ಲ.”

ಕಾಕಾ ಸಲಾಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡ. “ಬೆಂಕಿ ನಂದು. ತಗಿಯೂದಿದ್ದರ ನಾನ ತಗೀತೇನಿ. ನೀವು ನೀರು ನೋಡ್ರಿ.” ನಾನು ಎಷ್ಟೋ ಜನರ ಧೈರ್ಯವನ್ನು ಕೇಳಿ ತಿಳಿದಿದ್ದೇನೆ, ಕಣ್ಣಾರೆ ಕಂಡದ್ದು ಅವನದನ್ನು. ಅಪಾಯವಿದೆ ಎಂದು ನಂಬದ ಮನುಷ್ಯ, ನಾನು ನಂಬಿದ್ದೇನೆ ಎಂಬ ಕಾರಣಕ್ಕೆ, ಒಲೆಯ ಬಾಯಿಗೆ ಎದೆಯೊಡ್ಡಿ ನಿಂತು ಕೆಂಡ ಎಳೆದ.

ಅರ್ಧ ಕೆಂಡ ಹೊರಬಿದ್ದಿರುವಾಗ ಸಾವುಕಾರರು ಬಂದರು. ಬೆಳಗಾವಿ ಕಡೆಯವರು, ಮೆತ್ತಗೆ ಮಾತಾಡಿಯೇ ಚುಚ್ಚುವ ಜಾಣ್ಮೆ ಅವರಿಗೆ ಸಿದ್ಧಿಸಿತ್ತು.

“ಇನ್ನ ನಾಕು ತಾಸು ನಡದಿದ್ರ ತೊಟ್ಟ್ಯಾಗಿನ ಮಾಲು ಹಣ್ಣಾಗತಿತ್ತು. ಈಗ ಎಲ್ಲಾ ಬಿರುಕ ಬಿಡತೈತಿ. ಒಡೀತೈತಿ ಅಂತ ಬರದು ಕೊಡ್ತೀಯೇನಪಾ?”

“ಇಲ್ರೀ. ಒಡೀತೈತಿ ಅಂತ ನನಗ ಬರಿಯಾಕ ಆಗೂದಿಲ್ಲ. ಒಡಿಯೂದಿಲ್ಲ ಅಂತ ನೀವು ಬರದು ಕೊಡ್ತೀರೇನ್ರೀ? ಕೊಟ್ರ ಈಗಿಂದೀಗ ಬೆಂಕಿ ಹಾಕಸ್ತೇನಿ.”

ಅವರು ಬರೆದುಕೊಡಲಿಲ್ಲ. ಇನ್ಸ್‌ಪೆಕ್ಟರ್ ಮುಂದಿನ ತಿಂಗಳು ಬರುವವರಿದ್ದಾರೆ, ಅಲ್ಲಿಯವರೆಗೆ ನಡೆಯುತ್ತಿತ್ತು ಎಂದು ಗೊಣಗಿದರು, ನಿನ್ನ ಕೆಲಸದ ವಿಚಾರ ಆಮೇಲೆ ಮಾತಾಡುತ್ತೇನೆ ಎಂದರು, ಹೋದರು. ರಸ್ತೆಯಾಚೆ ನಿಂತಿದ್ದ ಎಂಟು ಜನರೂ ನನ್ನನ್ನು ನೋಡುತ್ತಿದ್ದರು. ಯಾರ ಮುಖದಲ್ಲೂ ಮೆಚ್ಚಿಕೆ ಇರಲಿಲ್ಲ. ಕೆಲಸ ನಿಲ್ಲಿಸಿದವನನ್ನು ಯಾರು ಮೆಚ್ಚುತ್ತಾರೆ?

ಮರುದಿನ ಬೆಳಿಗ್ಗೆ ಬಾಯ್ಲರು ಮುಟ್ಟುವಷ್ಟು ತಣ್ಣಗಾಗಿತ್ತು. ಎಲ್ಲರನ್ನೂ ಕರೆದು ಹೇಳಿದೆ, ಈ ತೋಳಿನ ಮೇಲೆ ಇನ್ನು ಒಂದು ಹೂವೂ ಇರಕೂಡದು, ಅವರವರ ಕಾಯಿ ಅವರವರು ಬಿಚ್ಚಬೇಕು. ಒಬ್ಬನೂ ಅಲುಗಲಿಲ್ಲ. ಕಾಕಾ ನೆಲ ನೋಡುತ್ತಿದ್ದ. ನಾನು ಗದರಿ ಬಿಚ್ಚಿಸಬಹುದಿತ್ತು. ಆದರೆ ಹಿಂದಿನ ದಿನ ಎಷ್ಟು ಗದರಬಹುದೋ ಅಷ್ಟೂ ಗದರಿ ಮುಗಿದಿತ್ತು.

ಏಣಿ ಹತ್ತಿದೆ. ಹಸಿರು ಖಣದ ಗಂಟಿಗೆ ಕೈ ಹಾಕಿದೆ. ಹಬೆಯ ಪುಸ್ತಕ ಓದಿದವನು, ಅದು ಬರೀ ಕಬ್ಬಿಣ ಎಂದು ವಾದ ಮಾಡಿದವನು, ನಿಜವಾಗಿ ಹೆದರಿದೆ. ಇವತ್ತು ಬಿಚ್ಚಿ, ನಾಳೆ ಮನೆಯಲ್ಲಿ ಏನಾದರೂ ಆದರೆ? ಎರಡು ಸಲ ಆಗಿದೆ, ಮೂರನೆಯ ಸಲ ಆಗುವುದಕ್ಕೆ ಕಾಯಿಯ ಹಂಗೇ ಬೇಕಿಲ್ಲ. ಆದರೂ ಆದಮೇಲೆ ಯಾರು ಆ ಲೆಕ್ಕ ಕೇಳುತ್ತಾರೆ? ಕೆಳಗೆ ನಿಂತ ಎಂಟು ಜೊತೆ ಕಣ್ಣು ನನ್ನ ಬೆರಳುಗಳ ಮೇಲಿದ್ದವು. ಈಗ ನಾನು ಕೆಳಗಿಳಿದರೆ ಆ ತೋಳಿನಿಂದ ಇನ್ನೆಂದೂ ಒಂದು ಕಾಯಿ ಇಳಿಯುವುದಿಲ್ಲ ಎಂದು ಗೊತ್ತಾಯಿತು. ಬಿಚ್ಚಿದೆ. ಕಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಇಳಿದೆ.

ಆಗ ಒಬ್ಬ ಬಾಯಿ ಬಿಟ್ಟ, “ಮನ್ಯಾಗ ಒಂದ ಮಾತು ಕೇಳಿ ಬರ್ತೇನ್ರೀ.” ಕಟ್ಟಿದ್ದು ಅವನಾದರೂ ಬೇಡಿಕೊಂಡವಳು ಅವನ ಹೆಂಡತಿ. ಹೋಗಿ ಬಾ ಎಂದೆ. ಒಬ್ಬೊಬ್ಬರೇ ಹೋಗಿ ಕೇಳಿ ಬಂದರು. ಒಬ್ಬನ ಹೆಂಡತಿ ತಾನೇ ಬಂದು, ಗಂಡನನ್ನು ಬೈಯುತ್ತ ಬಿಚ್ಚಿಸಿಕೊಂಡು ಹೋದಳು. ಇನ್ನೊಬ್ಬ ಸೈಕಲ್ ತುಳಿದು ಹಳಿಯಾಳಕ್ಕೆ ಹೋಗಿ ತಾಯಿಯನ್ನು ಕೇಳಿಕೊಂಡು ಬಂದ. ಕೊನೆಗೆ ಉಳಿದದ್ದು ದಿಮ್ಮಿ ಕೊಯ್ಯುವ ಹುಡುಗನ ಕಾಯಿ. ಅವನ ತಮ್ಮ ಗಡಿ ದಾಟಿ ಗೋವಾಕ್ಕೆ ಹೋದವನು ಮರಳಿ ಬಂದಿರಲಿಲ್ಲ. ತಾಯಿ ಗಡಿಯ ಕ್ಯಾಸಲ್‌ರಾಕಿನಲ್ಲಿ, ರೈಲ್ವೆಯ ಗ್ಯಾಂಗಿನಲ್ಲಿದ್ದ ಅಳಿಯನ ಮನೆಯಲ್ಲಿದ್ದುಕೊಂಡು, ಬರುವ ಹೋಗುವ ಗಾಡಿಗಳನ್ನೆಲ್ಲ ನೋಡುತ್ತಿದ್ದಳು. ಅವಳನ್ನು ಕೇಳದೆ ಬಿಚ್ಚಲಾರೆ ಎಂದು ಹುಡುಗ ಅತ್ತುಬಿಟ್ಟ. ಹೋಗಿ ಕೇಳಿಕೊಂಡು ಬಾ ಎಂದು ಕಳಿಸಿದೆ. ಅವನಿಗಾಗಿ ಎರಡು ದಿನ ಬಾಯ್ಲರು ಮುಟ್ಟದೆ ಕಾದೆವು. ಸಾವುಕಾರರು ಹಲ್ಲು ಕಡಿದರು. ಆ ತಾಯಿ ಬಿಚ್ಚು ಎಂದಳಂತೆ. ತನ್ನ ಮಗನ ಕಾಯಿಯಿಂದ ಇನ್ನೊಬ್ಬಳ ಮಗ ಹೋಗಬಾರದು ಎಂದಳಂತೆ.

ಆಮೇಲೆ ಬಾಯ್ಲರಿಗೆ ತಣ್ಣೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿ ಪರೀಕ್ಷೆ ಮಾಡಿದೆವು. ನೀರಾದರೆ ಸೋರುತ್ತದೆ, ಹಬೆಯ ಹಾಗೆ ಸಿಡಿಯುವುದಿಲ್ಲ. ಬೆಳಗಾವಿಯಿಂದ ತರಿಸಿದ ಹೊಸ ಗೇಜನ್ನು ಪಕ್ಕದಲ್ಲಿ ಕೂಡಿಸಿದೆ. ಹಳೆಯ ಗೇಜು ಸರಿಯಾಗಿತ್ತು! ಕೂದಲೆಳೆಯಷ್ಟೂ ಸುಳ್ಳು ಹೇಳಿರಲಿಲ್ಲ. ವಾಲ್ವೂ ಅಂಟಿಕೊಂಡಿರಲಿಲ್ಲ. ಕಾಯಿಗಳಷ್ಟೇ ತೂಕದ ಕಬ್ಬಿಣ ತೂಗುಹಾಕಿ ನೋಡಿದಾಗ ವಾಲ್ವು ತೆರೆದದ್ದು ಕೆಂಪುಗೆರೆ ದಾಟಿ ಒಂದು ಬೆರಳು ಮೇಲೆ. ಎಂದರೆ ಆ ದಿನ ಒಳಗಿದ್ದದ್ದು ಗೆರೆಗಿಂತ ಕಡಿಮೆಯೇ. ಆ ದಿನ ಏನೂ ಆಗುತ್ತಿರಲಿಲ್ಲ.

“ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡಿ,” ಎಂದರು ಸಾವುಕಾರರು. ಬಿರುಕು ಬಿಟ್ಟ ದಿಮ್ಮಿಗಳನ್ನು ಅಂಗಳದಲ್ಲಿ ನನಗೆ ಕಾಣುವಂತೆಯೇ ಒಟ್ಟಿಸಿದರು. ಕೆಲಸದಿಂದ ತೆಗೆಯಲಿಲ್ಲ, ಸರ್ಟಿಫಿಕೇಟ್ ಇದ್ದ ಇನ್ನೊಬ್ಬ ಆ ಕಾಡಿಗೆ ಬರಬೇಕಲ್ಲ.

ನನಗೆ ಅವಮಾನವಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ಪಶ್ಚಾತ್ತಾಪ ಆಗಲಿಲ್ಲ. ಗೇಜು ಸರಿಯಿದೆ ಎಂದು ಗೊತ್ತಾದದ್ದು ಐದನೆಯ ದಿನ, ನಿರ್ಧಾರ ಮಾಡಬೇಕಾದದ್ದು ಮೊದಲನೆಯ ದಿನ. ಐದನೆಯ ದಿನದ ಬುದ್ಧಿಯಿಂದ ಮೊದಲ ದಿನದವನನ್ನು ಅಳೆಯುವುದು ಸುಲಭ. ಗೆರೆಯಾಚೆಯ ಆ ಒಂದು ಬೆರಳನ್ನು ಮುದಿ ಬಾಯ್ಲರು ತಾಳುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗುಂಡು ಇರಬೇಕೆಂದು ನಾನು ಲೆಕ್ಕ ಹಾಕಿದ ಜಾಗದಲ್ಲಿ ಮೊಳೆ ಜಡಿಸಿದೆ, ಯಾರೂ ಸರಿಸದಂತೆ. ಹರಕೆಯ ಕಾಯಿಗಳಿಗೆ ಬೇರೆಯೇ ಒಂದು ಸರಳು ಗೋಡೆಗೆ ಹಾಕಿಸಿದೆ. ಕಾಕಾ ಎರಡು ವಾರ ನನ್ನ ಕಡೆ ನೋಡಲಿಲ್ಲ. ಮೂರನೆಯ ವಾರ ತಾನೇ ಬಂದು, ಸರಳು ಬೆಂಕಿಯ ಬಾಯಿಗೆ ಎದುರಾಗಿರಬೇಕು ಎಂದು ಹಟ ಹಿಡಿದು ಕಿತ್ತು ಅಲ್ಲಿ ಹಾಕಿಸಿದ.

ಮನೆಯ ಮಾತು ಬೇರೆ. ಕಾಯಿ ಬಿಚ್ಚಿದ ಸಂಜೆ ಹಸಿರು ಖಣದ ಗಂಟನ್ನು ಹೆಂಡತಿಯ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವಳು ಅದನ್ನು ನೋಡಿದಳು, ಎತ್ತಿ ದೇವರ ಜಗಲಿಯ ಮೇಲಿಟ್ಟಳು, ರೊಟ್ಟಿ ಬಡಿಯಲು ಕುಳಿತಳು. ಅಲ್ಲಿಂದ ಅವಳು ನನ್ನೊಡನೆ ಆಡಿದ ಮಾತುಗಳನ್ನು ಬೆರಳ ಮೇಲೆ ಎಣಿಸಬಹುದು. ಏಳನೆಯ ತಿಂಗಳು ಹಿಡಿದಾಗ ಪ್ರತಿ ದಿನವೂ ನಾನು ಮನೆಗೆ ಬರುವ ದಾರಿಯಲ್ಲಿ ಹೆಂಗಸರ ಗುಂಪು ಕಂಡರೆ ಓಡುತ್ತಿದ್ದೆ. ಏಳು ದಾಟಿತು. ಅವಳಣ್ಣ ಬಂದು ಬಾಣಂತನಕ್ಕೆ ಮಳಗಿಗೆ ಕರೆದುಕೊಂಡು ಹೋದ. ಬಸ್ಸು ಹತ್ತುವಾಗಲೂ ಅವಳು ಹೋಗಿ ಬರ್ತೇನಿ ಎಂದು ಮನೆಗೆ ಹೇಳಿದಳು, ನನಗಲ್ಲ.

ಹೆಣ್ಣು ಹುಟ್ಟಿತು, ಇಬ್ಬರೂ ಸುಖ ಎಂದು ಕಾಗದ ಬಂತು. ಅದನ್ನು ನಾನು ಬಾಯ್ಲರಿನ ಬೆಂಕಿಯ ಬೆಳಕಿನಲ್ಲಿ ಮೂರು ಸಲ ಓದಿದೆ. ಕಾಕಾ ಇಣುಕಿ ನೋಡಿ, “ನೋಡ್ರಿ, ಬಿಚ್ಚಿದ್ರೂ ಅವ್ವ ಕಾಯ್ದಳು,” ಎಂದ. ನಾನು ವಾದ ಮಾಡಲಿಲ್ಲ. ಅತ್ತುಬಿಟ್ಟೆ.

ರಜೆ ಹಾಕಿ ಮಳಗಿಗೆ ಹೋದೆ. ಅವಳು ಗೋಡೆಗೆ ಒರಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ನನ್ನ ಕೈಗೆ ಕೊಡಲಿಲ್ಲ. ಅತ್ತೆ ಹೊರಗೆ ಹೋಗುವವರೆಗೂ ಕಾದು ಕೇಳಿದಳು.

“ಕೂಸು ಉಳೀಲಿಲ್ಲಂದ್ರ ಏನಂತಿದ್ರಿ?”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಆದರೆ ಬಾಯಿಗೆ ಬಂದದ್ದು ನಿಜವೇ.

“ಆಗನೂ ಬಿಚ್ಚಿದ್ದ ಸರಿ ಅಂತಿದ್ದೆ.”

“ನನ್ನ ಮಾರಿ ನೋಡಿ ಹೇಳ್ರಿ.”

ನೋಡಿ ಇನ್ನೊಮ್ಮೆ ಹೇಳಿದೆ.

“ಬಿಚ್ಚಬೇಕಾಗಿತ್ತು ಅನ್ನೂದು ನನಗೂ ತಿಳೀತೈತ್ರಿ,” ಎಂದಳು. “ಎಂಟು ಮನ್ಯಾಗಿನ ಗಂಡಸರು ಅಲ್ಲಿ ಕುಂಡರತಾರ. ನೀವು ಕೇಳಿದ್ರ ಬ್ಯಾಡ ಅಂತಿದ್ದಿಲ್ಲ ನಾ. ಆ ಕೊಯ್ಯೋ ಹುಡುಗನ ಅವ್ವನ್ನ ಕೇಳಾಕ ಕ್ಯಾಸಲ್‌ರಾಕಿಗೆ ಕಳಿಸಿದ್ರಿ. ಎರಡು ದಿವಸ ದಾರಿ ನೋಡಿದ್ರಿ. ನಾ ಗ್ವಾಡಿ ಹಿಂದ ಇದ್ದೆ. ಕೂಗಿದ್ರ ಕೇಳಸ್ತಿತ್ತು.”

ಇಪ್ಪತ್ತು ಹೆಜ್ಜೆಯೂ ಇರಲಿಲ್ಲ ಆ ದೂರ. ಎಲ್ಲರ ಮನೆಯವರನ್ನೂ ಕೇಳಿಸಿದವನಿಗೆ ಅದು ಹೊಳೆದೇ ಇರಲಿಲ್ಲ. ಅವಳ ಕಾಯಿಯನ್ನು ನನ್ನದೇ ಎಂದುಕೊಂಡು ಬಿಚ್ಚಿದ್ದೆ. ಏನಾದರೂ ಆಗಿದ್ದರೆ ಹೊರಬೇಕಾದವಳು ಅವಳು, ಧೈರ್ಯ ಮೆರೆದವನು ನಾನು.

“ತಪ್ಪಾತು,” ಎಂದೆ. ಮದುವೆಯಾದ ಮೇಲೆ ಆ ಮಾತನ್ನು ಅವಳಿಗೆ ಹೇಳಿದ್ದು ಅದೇ ಮೊದಲು. ಅವಳು ಕೂಸನ್ನು ಎತ್ತಿ ನನ್ನ ಕೈಗೆ ಕೊಟ್ಟಳು.